ನಮ್ಮ ತೆಂಗಿನ ತೋಟಕ್ಕೆ ಉಣ್ಣೆ ಆಡು ಬರಬಹುದೇ?



ಆಡು ಎಂದರೆ ನಮಗೆಲ್ಲರಿಗೂ ಗೊತ್ತು. ಹಾಲು, ಮರಿ, ಮಾಂಸ, ಗೊಬ್ಬರ. ಇಷ್ಟಕ್ಕೇ ಆಡು ಎಂದು ನಾನೂ ತಿಳಿದಿದ್ದೆ. ಆದರೆ ಬರೀ ಕೂದಲಿಗಾಗಿಯೇ ಸಾಕುವ ಆಡುಗಳೂ ಪ್ರಪಂಚದಲ್ಲಿ ಇವೆ. ಅಂಥದ್ದೊಂದು ಆಡು ನಮ್ಮ ಮನೆಗೆ ಬರುವುದರಲ್ಲಿತ್ತು. ಬಂತೋ ಇಲ್ಲವೋ, ಯಾಕೆ ಎಂಬುದನ್ನು ಈ ಸಲದ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಿಮಗೆ ನೆನಪಿರಬಹುದು. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 10,000 ರೂಪಾಯಿಗಿಂತ ಕೆಳಗೆ ಇಳಿದಿತ್ತು. ಆ ವರ್ಷದ ಬೆಂಬಲ ಬೆಲೆಯೇ 11,750 ರೂಪಾಯಿ. ನಮ್ಮ ಮನೆಯಲ್ಲಿ ಅಟ್ಟದ ತುಂಬ ಕಾಯಿ ಇದ್ದರೂ ಕೈಯಲ್ಲಿ ಕಾಸಿರಲಿಲ್ಲ. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿತು. ಸಾಲ ತೀರಿಸಿ ಸ್ವಲ್ಪ ದುಡ್ಡು ಉಳಿಯಿತು. ಆಗ ನಮ್ಮ ಚಿಕ್ಕಪ್ಪ, "ಬರೀ ತೆಂಗನ್ನೇ ನಂಬ್ಕಂಡ್ರೆ ಮತ್ತೆ ಅದೇ ಗತಿ. ಇನ್ನೇನಾದ್ರೂ ಒಂದು ದಾರಿ ಇರ್ಬೇಕು" ಎಂದರು.

ಒಂದು ಸಂಜೆ ಅವರು ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಬಿಳಿ ಆಡು. ಮೈತುಂಬ ಗುಂಗುರು ಕೂದಲು, ನೆಲ ಮುಟ್ಟುವಷ್ಟು ಉದ್ದ. ಮಾರುವವನು ಯಾರೋ ದೂರದವನು. ಒಂದು ಜೋಡಿಗೆ ಮೊದಲು 5,000 ರೂಪಾಯಿ ಮುಂಗಡ ಕಳಿಸಬೇಕಂತೆ. ಮಿಕ್ಕದ್ದು ಆಡು ಬಂದಮೇಲೆ ಅಂತೆ. ನಮ್ಮ ಅಜ್ಜಿ ಕನ್ನಡಕ ಏರಿಸಿ ನೋಡಿ, "ಇದೇನ್ಲಾ, ಆಡೋ, ದೇವಸ್ಥಾನದ ಚಾಮರವೋ?" ಎಂದರು. ಎಲ್ಲರೂ ನಕ್ಕೆವು.

ಅಪ್ಪ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, "ನೀನು ಓದೋ ಹುಡ್ಗ. ಇದು ನಮ್ಮೂರಲ್ಲಿ ಬಾಳ್ತದಾ ಇಲ್ವಾ ತಿಳ್ಕಂಡು ಬಾ. ಆಮೇಲೆ ದುಡ್ಡು ಬಿಚ್ಚಾನ" ಎಂದರು. ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. ಚಿಕ್ಕಪ್ಪನ ಜೊತೆ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಹೋಗಿ ಬಂದೆ. ತಿಳಿದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಕೂದಲಿನ ಆಡು ಎರಡು ಬಗೆ

ಮೊದಲನೆಯದು ಪಶ್ಮಿನಾ ಆಡು. ಇದು ನಮ್ಮ ದೇಶದ್ದೇ. ಲಡಾಖಿನ ಚಾಂಗ್‌ಥಾಂಗ್ ಎಂಬ ಎತ್ತರದ ಬಯಲಿನಲ್ಲಿ ಚಾಂಗ್ಪಾ ಎಂಬ ಅಲೆಮಾರಿ ಜನ ಇದನ್ನು ಸಾಕುತ್ತಾರೆ. ಆ ಜಾಗ ಸಮುದ್ರ ಮಟ್ಟದಿಂದ 4,000 ಮೀಟರಿಗಿಂತ ಮೇಲಿದೆ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗೂ ಇಳಿಯುತ್ತದೆ. ಈ ಆಡಿನ ಮೈಮೇಲೆ ಎರಡು ಥರದ ಕೂದಲು ಇರುತ್ತದೆ. ಹೊರಗೆ ಒರಟು ಕೂದಲು, ಅದರ ಬುಡದಲ್ಲಿ ಹತ್ತಿಯಂಥ ಒಳಗೂದಲು. ಬೆಲೆಬಾಳುವುದು ಒಳಗೂದಲು ಮಾತ್ರ. ಅದರ ದಪ್ಪ 12ರಿಂದ 15 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ ಎಂದರೆ ಪಶ್ಮಿನಾ ಎಷ್ಟು ನಯ ಎಂದು ನೀವೇ ಊಹಿಸಿ. ಇದನ್ನು ಕತ್ತರಿಸುವುದಿಲ್ಲ. ಚಳಿ ಕಳೆದು ಕೂದಲು ತಾನಾಗಿ ಸಡಿಲವಾದಾಗ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಒಂದು ಆಡಿಗೆ ವರ್ಷಕ್ಕೆ ಸಿಗುವುದು ಸುಮಾರು ಕಾಲು ಕಿಲೋ.

ಎರಡನೆಯದು ಅಂಗೋರ ಆಡು. ಚಿಕ್ಕಪ್ಪ ತೋರಿಸಿದ ಚಿತ್ರದಲ್ಲಿದ್ದದ್ದು ಇದೇ. ಇದರ ಮೂಲ ಟರ್ಕಿ ದೇಶ. ಅಲ್ಲಿನ ಅಂಕಾರಾ ಊರಿನ ಹಳೆಯ ಹೆಸರಿನಿಂದ ಇದಕ್ಕೆ ಅಂಗೋರ ಎಂಬ ಹೆಸರು ಬಂತು. ಇದರ ಕೂದಲಿಗೆ ಮೊಹೇರ್ ಎನ್ನುತ್ತಾರೆ. ರೇಷ್ಮೆಯ ಹಾಗೆ ಹೊಳೆಯುತ್ತದೆ. ಇದನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಚೆನ್ನಾಗಿ ಮೇಯಿಸಿದ ದೊಡ್ಡ ಆಡು ವರ್ಷಕ್ಕೆ ನಾಲ್ಕೈದು ಕಿಲೋ ಕೊಡುತ್ತದೆ. 1838ರಲ್ಲಿ ಈ ಆಡು ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಇವತ್ತು ಪ್ರಪಂಚದಲ್ಲಿ ಅತಿ ಹೆಚ್ಚು ಮೊಹೇರ್ ಬರುವುದು ಅಲ್ಲಿಂದಲೇ.

ನಾಲ್ಕೈದು ಕಿಲೋ ಎಂದ ಕೂಡಲೇ ಚಿಕ್ಕಪ್ಪನ ಮುಖ ಅರಳಿತು. "ನೋಡ್ದಾ, ನಾನು ಹೇಳ್ಲಿಲ್ವಾ" ಎಂದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಪಶ್ಮಿನಾ ನಮ್ಮಲ್ಲಿ ಯಾಕೆ ಆಗುವುದಿಲ್ಲ?

ಚಳಿ ಇಲ್ಲ, ಅದಕ್ಕೇ ಎಂದು ನಾವು ಸುಲಭವಾಗಿ ಹೇಳಿಬಿಡಬಹುದು. ಮೇಷ್ಟ್ರು ಇನ್ನೊಂದು ಕಾರಣ ಹೇಳಿದರು. ಒಳಗೂದಲು ಬೆಳೆಯಬೇಕಾದರೆ ಆಡಿನ ಮೈಗೆ "ಚಳಿಗಾಲ ಬರ್ತಾ ಇದೆ" ಎಂದು ಮೊದಲೇ ತಿಳಿಯಬೇಕು. ತಿಳಿಸುವುದು ಹಗಲಿನ ಉದ್ದ. ಹಗಲು ದಿನದಿನಕ್ಕೆ ಕಡಿಮೆಯಾಗುತ್ತ ಬಂದಾಗ ಆಡಿನ ಮೈಯಲ್ಲಿ ರಸದೂತಗಳು ಬದಲಾಗಿ ಒಳಗೂದಲು ಹುಟ್ಟುತ್ತದೆ. ಹಗಲು ಮತ್ತೆ ಉದ್ದವಾದಾಗ ಅದು ಉದುರುತ್ತದೆ.

ಈಗ ಭೂಗೋಳದ ಪಾಠ ನೆನಪು ಮಾಡಿಕೊಳ್ಳಿ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಲಡಾಖಿನಲ್ಲಿ ಅದು ಸುಮಾರು ನಾಲ್ಕೂವರೆ ಗಂಟೆ. ಅಲ್ಲಿನ ಆಡಿಗೆ ಸೂರ್ಯನೇ ಗಂಟೆ ಹೊಡೆದು ಎಬ್ಬಿಸಿದ ಹಾಗೆ. ನಮ್ಮಲ್ಲಿ ಆ ಗಂಟೆಯ ಸದ್ದು ಬಲು ಸಣ್ಣದು. ಜೊತೆಗೆ ಪುಷ್ಯ ಮಾಸದ ಚಳಿಯಲ್ಲೂ ನಮ್ಮೂರ ತೊಟ್ಟಿಯ ನೀರು ಗಡ್ಡೆ ಕಟ್ಟುವುದಿಲ್ಲ. ಒಳಗೂದಲು ಬೆಳೆಸಿಕೊಂಡು ಆಡಿಗೆ ಆಗಬೇಕಾದ್ದೇನು?

ಅಂಗೋರ ಆಡು ಯಾಕೆ ಕಷ್ಟ?

ಅಂಗೋರ ಆಡಿನ ವಿಷಯ ಬೇರೆ. ಅದರ ಕೂದಲು ವರ್ಷವೆಲ್ಲ ಬೆಳೆಯುತ್ತದೆ. ಅದು ಅಷ್ಟು ಚಳಿಯನ್ನೂ ಕೇಳುವುದಿಲ್ಲ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲೇ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ರಾಹುರಿಯಲ್ಲಿ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠ ಇದೆ. ಅಲ್ಲಿ ಅಂಗೋರ ಹೋತವನ್ನು ಆ ಕಡೆಯ ಸಂಗಮನೇರಿ ಆಡಿನ ಜೊತೆ ಕೂಡಿಸಿ ಮಿಶ್ರತಳಿ ಮಾಡಿದರು. ರಾಹುರಿ ನಮ್ಮ ಹಾಗೇ ಬಯಲುಸೀಮೆ. ತಲೆಮಾರಿನಿಂದ ತಲೆಮಾರಿಗೆ ಅಂಗೋರ ರಕ್ತ ಹೆಚ್ಚಿಸುತ್ತ ಹೋದಾಗ ಮೊಹೇರ್ ಕೂಡ ಬಂತು. ಹಾಗಾದರೆ ಕೂದಲು ಬರುವುದೇ ಇಲ್ಲ ಎನ್ನುವ ಹಾಗಿಲ್ಲ. ಆದರೂ ಅದು ರೈತರ ಮನೆಮನೆಯ ಆಡಾಗಲಿಲ್ಲ. ಆ ಸೀಮೆಯಲ್ಲಿ ಸಂಗಮನೇರಿ ಆಡನ್ನು ಇವತ್ತಿಗೂ ಹಾಲು ಮಾಂಸಕ್ಕೇ ಸಾಕುತ್ತಾರೆ.

ಡಾಕ್ಟರು ಹೇಳಿದ ಕಷ್ಟಗಳು ಇವು:

1. ತಿಂದ ಸತ್ವ ಮೊದಲು ಕೂದಲಿಗೆ ಹೋಗುತ್ತದೆ. ಆದ್ದರಿಂದ ಅಂಗೋರ ಆಡಿಗೆ ನಮ್ಮ ಆಡಿನ ಹಾಗೆ ಬೇಲಿ ಸೊಪ್ಪು ಮೇಯಿಸಿ ಬಿಟ್ಟರೆ ಸಾಲದು. ಹಿಂಡಿ, ಕಾಳು ಕೊಡಬೇಕು. ಕಡಿಮೆಯಾದರೆ ಗಬ್ಬದ ಆಡು ಕಂದು ಹಾಕುವುದೂ ಉಂಟು.

2. ಮರಿಗಳು ತುಂಬ ಸೂಕ್ಷ್ಮ. ಕೂದಲು ಕತ್ತರಿಸಿದ ಹೊಸದರಲ್ಲಿ ಮಳೆಗೆ ನೆನೆದರೆ ದೊಡ್ಡ ಆಡೂ ಶೀತಕ್ಕೆ ಸಾಯಬಹುದು.

3. ಉದ್ದ ಕೂದಲಿನಲ್ಲಿ ಹೇನು ಸೇರಿಕೊಳ್ಳುತ್ತದೆ. ಜವುಗು ನೆಲದಲ್ಲಿ ಗೊರಸು ಕೊಳೆಯುತ್ತದೆ.

4. ನಮ್ಮ ತೋಟದ ಬದುವಿನಲ್ಲಿ ಉತ್ತರಾಣಿ, ನೆಗ್ಗಿಲು ಮುಳ್ಳು ತುಂಬಿವೆ. ಶಾಲೆಗೆ ಬರುವಾಗ ನಮ್ಮ ಲಂಗ, ಚಡ್ಡಿಗೆಲ್ಲ ಉತ್ತರಾಣಿ ಅಂಟಿಕೊಳ್ಳುವುದು ಎಲ್ಲರಿಗೂ ಗೊತ್ತು. ಮೊಹೇರಿಗೆ ಅಂಟಿದರೆ ಕಿತ್ತು ತೆಗೆಯಲು ಆಗುವುದಿಲ್ಲ. ಕಸ ಸೇರಿದ ಕೂದಲಿಗೆ ಬೆಲೆಯೂ ಇಲ್ಲ.

5. ವಿದೇಶದಿಂದ ಜೀವಂತ ಆಡು ತರಬೇಕಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಇದಕ್ಕೆ 1898ರಿಂದಲೇ ಕಾನೂನು ಇದೆ. ತಂದ ಮೇಲೆ ರೋಗ ಇದೆಯೇ ಎಂದು ಪ್ರತ್ಯೇಕವಾಗಿ ಇಟ್ಟು ನೋಡಬೇಕು.

ಈ ಐದನೆಯದನ್ನು ಕೇಳಿ ಬಂದ ದಿನ ಚಿಕ್ಕಪ್ಪ ಆ ಮಾರುವವನಿಗೆ ಫೋನ್ ಮಾಡಿ, "ಆಡಿನ ಕಾಗದ ಪತ್ರ ತೋರ್ಸಪ್ಪಾ" ಎಂದು ಕೇಳಿದರು. ನಾಳೆ ಕಳಿಸುತ್ತೇನೆ ಎಂದನಂತೆ. ಆ ನಾಳೆ ಇನ್ನೂ ಬಂದಿಲ್ಲ. 5,000 ರೂಪಾಯಿ ನಮ್ಮ ಮನೆಯಲ್ಲೇ ಉಳಿಯಿತು.

ಅಜ್ಜಿಯ ಕಂಬಳಿ

ಇಷ್ಟೆಲ್ಲ ಕೇಳಿದ ಮೇಲೆ ಅಜ್ಜಿ ಒಳಗೆ ಹೋಗಿ ಪೆಟ್ಟಿಗೆಯಿಂದ ತಮ್ಮ ಕರಿ ಕಂಬಳಿ ತಂದು ನನ್ನ ತೊಡೆ ಮೇಲೆ ಹಾಕಿದರು. ಅವರ ಮದುವೆಯ ಕಾಲದ್ದು. ಒಂದು ಮೂಲೆ ಇಲಿ ಕಡಿದಿದೆ. ಮಿಕ್ಕದ್ದು ಗಟ್ಟಿ. "ಕೂದ್ಲು ಕೂದ್ಲು ಅಂತ ಟರ್ಕಿಗೆ ಹೋದ್ರಲ್ಲ, ಇದು ಯಾವೂರಿನ ಕೂದ್ಲು ಹೇಳ್ಲಾ?" ಎಂದು ಕೇಳಿದರು.

ಅದು ಆಡಿನದಲ್ಲ, ಕುರಿಯದು. ನಮ್ಮ ಬಯಲುಸೀಮೆಯ ಕರಿ ಕುರಿ. ಪುಸ್ತಕದಲ್ಲಿ ಇದಕ್ಕೆ ಡೆಕ್ಕನಿ ತಳಿ ಎನ್ನುತ್ತಾರೆ. ನಮ್ಮ ಕಡೆ ಉಣ್ಣೆಗೆ ತುಪ್ಪಟ ಎನ್ನುತ್ತೇವೆ. ಕುರುಬ ಸಮುದಾಯದವರು ವರ್ಷಕ್ಕೆ ಎರಡು ಸಲ ತುಪ್ಪಟ ಕತ್ತರಿಸುತ್ತಿದ್ದರು. ಹೆಂಗಸರು ನೂಲುತ್ತಿದ್ದರು, ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಿದ್ದರು. ನೂಲು ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಕೊಡುತ್ತಿದ್ದರು. ಮಳೆಗಾಲದಲ್ಲಿ ಅದೇ ಕಂಬಳಿ ಮಡಿಸಿ ಕೊಪ್ಪೆ ಹಾಕಿಕೊಂಡರೆ ನೀರು ಬೇಗ ಒಳಗೆ ಇಳಿಯುವುದಿಲ್ಲ. ದೇವರ ಕೆಲಸಕ್ಕೆ, ಮದುವೆಯ ಹಸೆಗೆ ಇವತ್ತಿಗೂ ಕಂಬಳಿ ಬೇಕು.

ಹಾಗಾದರೆ ಆ ಕುರಿಯನ್ನೇ ಸಾಕಬಹುದಲ್ಲ ಎಂದು ನನಗೆ ಅನಿಸಿತು. ಆದರೆ ಇಲ್ಲೇ ನಿಜವಾದ ತೊಡಕು ಇದೆ. ಡೆಕ್ಕನಿ ಕುರಿಯ ತುಪ್ಪಟ ವರ್ಷಕ್ಕೆ ಅರ್ಧ ಕಿಲೋದ ಆಸುಪಾಸು. ಅದು ಒರಟು. ಸ್ವೆಟರ್ ಮಾಡಲು ಆಗುವುದಿಲ್ಲ. ಕಂಬಳಿಗೇ ಸರಿ. ಮಿಲ್ಲಿನ ಅಗ್ಗದ ಹೊದಿಕೆ ಬಂದಮೇಲೆ ಕಂಬಳಿ ಕೊಳ್ಳುವವರು ಕಡಿಮೆಯಾದರು. ಕಂಬಳಿ ಕಡಿಮೆಯಾದಾಗ ತುಪ್ಪಟದ ಬೆಲೆ ಬಿತ್ತು. ಈಗ ಎಷ್ಟೋ ಕಡೆ ಕತ್ತರಿಸುವ ಕೂಲಿಯಷ್ಟೂ ತುಪ್ಪಟ ಹುಟ್ಟುವುದಿಲ್ಲ. ಕತ್ತರಿಸಿ ಅಲ್ಲೇ ಬಿಸಾಡಿ ಹೋಗುತ್ತಾರೆ. ಕುರಿಗಾರರೂ ಮಾಂಸ ಹೆಚ್ಚು ಬರುವ, ತುಪ್ಪಟ ಇಲ್ಲದ ಕುರಿಗಳ ಕಡೆ ತಿರುಗಿದ್ದಾರೆ. ಚಳ್ಳಕೆರೆ ಕಡೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಡೆ ಈಗಲೂ ಕಂಬಳಿ ನೇಯುವವರು ಇದ್ದಾರೆ. ಅಜ್ಜಿಯ ಈ ಕಂಬಳಿ ನೇಯ್ದವರ ಮನೆಯಲ್ಲಿ ಈಗ ಮಗ್ಗ ಇಲ್ಲ. ಮಗ್ಗದ ಗುಂಡಿ ಮುಚ್ಚಿ ಸಿಮೆಂಟ್ ಹಾಕಿದ್ದಾರೆ.

ಇದನ್ನು ಕೇಳಿದಾಗ ನನಗೆ ಒಂದು ವಿಷಯ ಅರ್ಥವಾಯಿತು. ಕೂದಲು ಪ್ರಾಣಿಯ ಮೈಮೇಲೆ ಬೆಳೆದರೆ ಸಾಲದು. ಅದನ್ನು ಕತ್ತರಿಸುವ ಕೈ, ನೂಲುವ ಕೈ, ನೇಯುವ ಕೈ, ದುಡ್ಡು ಕೊಟ್ಟು ಕೊಳ್ಳುವ ಕೈ, ನಾಲ್ಕೂ ಬೇಕು. ಲಡಾಖಿನ ಪಶ್ಮಿನಾಕ್ಕೆ ಕಾಶ್ಮೀರದ ನೇಕಾರರ ಕೈ ಸಿಕ್ಕಿತು. ನಮ್ಮ ತುಪ್ಪಟಕ್ಕೆ ನಾಲ್ಕು ಕೈಯೂ ಇದೇ ಸೀಮೆಯಲ್ಲಿದ್ದವು, ಒಂದೊಂದಾಗಿ ಬಿಟ್ಟುಹೋದವು. ಇದ್ದ ಕುರಿಯ ತುಪ್ಪಟವೇ ಬೇಲಿ ಪಾಲಾಗಿರುವಾಗ ಮೊಹೇರ್ ತಂದು ಯಾರ ಕೈಗೆ ಕೊಡುವುದು?

ಸಣ್ಣ ಲೆಕ್ಕ

ನಾರು ಬೇಕೇಬೇಕು ಎನ್ನುವವರಿಗೆ ಒಂದು ಲೆಕ್ಕ. ಸಾವಿರ ತೆಂಗಿನಕಾಯಿಯ ಮಟ್ಟೆಯಿಂದ ಸುಮಾರು 80 ಕಿಲೋ ನಾರು ಬರುತ್ತದೆ. ಒಂದು ಮರ ವರ್ಷಕ್ಕೆ 80 ಕಾಯಿ ಕೊಟ್ಟರೆ ಆ ಮರದ ಮಟ್ಟೆಯಲ್ಲಿ ಆರು ಕಿಲೋಗಿಂತ ಹೆಚ್ಚು ನಾರು ಇದೆ.

ಪಶ್ಮಿನಾ ಆಡು: ಕಾಲು ಕಿಲೋ
ಡೆಕ್ಕನಿ ಕುರಿ: ಅರ್ಧ ಕಿಲೋದ ಆಸುಪಾಸು
ಅಂಗೋರ ಆಡು: ನಾಲ್ಕೈದು ಕಿಲೋ
ನಮ್ಮ ಒಂದು ತೆಂಗಿನ ಮರ: ಆರು ಕಿಲೋಗಿಂತ ಹೆಚ್ಚು

ತೂಕ ಒಂದೇ ಆದರೂ ಬೆಲೆ ಒಂದೇ ಅಲ್ಲ ಎಂಬುದು ನನಗೂ ಗೊತ್ತು. ಪಶ್ಮಿನಾ ಎಲ್ಲಿ, ತೆಂಗಿನ ನಾರು ಎಲ್ಲಿ! ಆದರೆ ತೆಂಗಿನ ಮಟ್ಟೆಗೆ ನಮ್ಮ ಸೀಮೆಯಲ್ಲಿ ನಾರಿನ ಫ್ಯಾಕ್ಟರಿ ಇದೆ, ಕೊಳ್ಳುವವರು ಲಾರಿ ತಂದು ತುಂಬಿಕೊಂಡು ಹೋಗುತ್ತಾರೆ. ಕೈಗಳು ಇರುವ ನಾರು ಅದು. ನಮ್ಮ ಎಷ್ಟೋ ಮನೆಗಳಲ್ಲಿ ಅದನ್ನು ನೀರೊಲೆಗೆ ಹಾಕಿ ಉರಿಸುತ್ತೇವೆ.

ಹಾಗಾದರೆ ಆಡೇ ಬೇಡವೇ?

ಬೇಕು. ಊರ ಆಡೇ ಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ನಮ್ಮ ದಕ್ಷಿಣ ಕರ್ನಾಟಕದ ನಂದಿದುರ್ಗ ಆಡನ್ನು ಈಗ ಒಂದು ಪ್ರತ್ಯೇಕ ತಳಿ ಎಂದು ದೇಶದ ಪಟ್ಟಿಯಲ್ಲಿ ಸೇರಿಸಿದ್ದಾರೆ. ಅದನ್ನು ಸಾಕುವುದು ಮಾಂಸಕ್ಕೆ. ಕೂದಲು ಗಿಡ್ಡ, ಮಾರಲು ಬರುವುದಿಲ್ಲ. ಆದರೆ ನಮ್ಮ ಬಿಸಿಲು, ನಮ್ಮ ಸೊಪ್ಪು, ನಮ್ಮ ಮಳೆ ಅದಕ್ಕೆ ಒಗ್ಗಿದೆ. ಅದರ ಹಿಕ್ಕೆಯಲ್ಲಿ ದನದ ಸಗಣಿಗಿಂತ ಸಾರಜನಕ ಹೆಚ್ಚು. ಬೇಸಿಗೆಯಲ್ಲಿ ಕುರಿಮಂದೆಯವರಿಗೆ ದುಡ್ಡೋ ರಾಗಿಯೋ ಕೊಟ್ಟು ತೋಟದಲ್ಲಿ ಮಂದೆ ನಿಲ್ಲಿಸಿಕೊಳ್ಳುವುದು ಇದಕ್ಕೇ ಅಲ್ಲವೇ?

ಆಡು ತರುವ ಮುಂಚೆ ಒಂದು ಎಚ್ಚರಿಕೆ. ಇದನ್ನು ನಾನು ಓದಿ ಕಲಿತದ್ದಲ್ಲ, ಅತ್ತು ಕಲಿತದ್ದು. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಒಂದು ಆಡಿತ್ತು. ಒಂದು ಮಧ್ಯಾಹ್ನ ನಾನು ಹಗ್ಗ ಸರಿಯಾಗಿ ಕಟ್ಟದೆ ಆಟಕ್ಕೆ ಹೋದೆ. ವಾಪಸ್ಸು ಬರುವಷ್ಟರಲ್ಲಿ ಅದು ಹೊಸದಾಗಿ ನೆಟ್ಟ ಮೂರು ತೆಂಗಿನ ಸಸಿಗಳ ಸುಳಿ ತಿಂದಿತ್ತು. ಮಾವಿನ ಗಿಡ ಕಡಿದರೆ ಪಕ್ಕದಲ್ಲಿ ಚಿಗುರುತ್ತದೆ. ತೆಂಗಿಗೆ ಇರುವುದು ಒಂದೇ ಸುಳಿ. ಅದು ಹೋದರೆ ಗಿಡವೇ ಹೋದ ಹಾಗೆ. ನಮ್ಮ ತಿಪಟೂರು ಎತ್ತರದ ತಳಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಆಡಿನ ಒಂದು ತುತ್ತಿಗೆ ನಮ್ಮ ಆರೇಳು ವರ್ಷ! ಅಪ್ಪ ನನಗೆ ಹೊಡೆಯಲಿಲ್ಲ. ಸುಮ್ಮನೆ ಆ ಮೂರು ಗುಂಡಿಗಳ ಹತ್ತಿರ ನಿಂತಿದ್ದರು. ಹೊಡೆದಿದ್ದರೇ ಚೆನ್ನಾಗಿತ್ತು. "ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆ ಅವತ್ತು ನನಗೆ ಅರ್ಥವಾಯಿತು.

ಆದ್ದರಿಂದ ಆಡು ಸಾಕುವವರು ಇಷ್ಟು ಮಾಡಬೇಕು:

ಸಸಿ ಇರುವ ತೋಟದಲ್ಲಿ ಆಡನ್ನು ಬಿಡಬಾರದು. ಕೊಟ್ಟಿಗೆಯಲ್ಲೇ ಕಟ್ಟಿ ಸೊಪ್ಪು ತಂದು ಹಾಕಬೇಕು. ದೊಡ್ಡ ಆಡಿಗೆ ದಿನಕ್ಕೆ ಮೂರು ನಾಲ್ಕು ಕಿಲೋ ಹಸಿ ಸೊಪ್ಪು ಬೇಕು. ಹಲಸು, ನುಗ್ಗೆ, ಅಗಸೆ, ಸುಬಾಬುಲ್ ಬೇಲಿಯಲ್ಲೇ ಬೆಳೆಸಬಹುದು. ಸೊಪ್ಪನ್ನು ನೆಲಕ್ಕೆ ಹಾಕದೆ ಮೇಲೆ ಕಟ್ಟಿದರೆ ಕಸವಾಗುವುದಿಲ್ಲ.

ಒಂದು ಆಡಿಗೆ ಸುಮಾರು ಹತ್ತು ಚದರಡಿ ಜಾಗ ಇರಲಿ. ನೆಲ ಒಣಗಿರಬೇಕು, ಗಾಳಿಯಾಡಬೇಕು.

ಪಿಪಿಆರ್ ಎಂಬ ರೋಗ ಬಂದರೆ ಮಂದೆಗೆ ಮಂದೆಯೇ ಹೋಗಬಹುದು. ಅದಕ್ಕೆ ಲಸಿಕೆ ಇದೆ. ಮುಂಗಾರಿಗೆ ಮುಂಚೆ ಕರುಳುಬೇನೆಯ ಲಸಿಕೆಯನ್ನೂ ಹಾಕಿಸಬೇಕು. ಜಂತಿನ ಔಷಧಿಯನ್ನು ಡಾಕ್ಟರು ಹೇಳಿದಷ್ಟೇ ಕುಡಿಸಬೇಕು.

ಆಡಿನ ಗಬ್ಬದ ಕಾಲ ಸುಮಾರು 150 ದಿನ. ಕಟ್ಟಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಮರಿ ಹಾಕುವ ದಿನ ನಾವೇ ಲೆಕ್ಕ ಹಾಕಬಹುದು. ನಮ್ಮ ಮನೆಯಲ್ಲಿ ಈ ಕೆಲಸ ನನ್ನದು.

ಕೊನೆಯ ಮಾತು

ಚಿಕ್ಕಪ್ಪ ಎರಡು ಹೆಣ್ಣು ಆಡು ತಂದಿದ್ದಾರೆ. ಗುಂಗುರು ಕೂದಲಿನವಲ್ಲ, ಪಕ್ಕದೂರಿನವು. ಒಂದು ಗಬ್ಬವಾಗಿದೆ. ಮುಂಗಡಕ್ಕೆ ಎಂದು ಇಟ್ಟಿದ್ದ 5,000 ರೂಪಾಯಿಯಲ್ಲಿ ಸಸಿಗಳ ಸುತ್ತ ಬೇಲಿ ಹಾಕಿಸಿದ್ದೇವೆ. ಹೋದ ಮೂರು ಸಸಿಗಳ ಜಾಗದಲ್ಲಿ ಬೇರೆ ಸಸಿ ನೆಟ್ಟಿದ್ದೇವೆ. ಹಗ್ಗವನ್ನು ನಾನೇ ಎರಡು ಸಲ ಎಳೆದು ನೋಡಿ ಶಾಲೆಗೆ ಬರುತ್ತೇನೆ.

ಹೊಸ ಪ್ರಾಣಿಯೋ ಹೊಸ ಬೆಳೆಯೋ ತರಬೇಕೆಂದು ನಿಮ್ಮ ಮನೆಯಲ್ಲಿ ಮಾತು ಬಂದರೆ ದಯವಿಟ್ಟು ಮೂರು ಪ್ರಶ್ನೆ ಕೇಳಿ. ನಮ್ಮ ಹವೆಗೆ ಅದು ಒಗ್ಗುತ್ತದೆಯೇ? ಅದರಿಂದ ಬಂದದ್ದನ್ನು ಹದ ಮಾಡುವ ಕೈ ಹತ್ತಿರದಲ್ಲಿ ಇದೆಯೇ? ಕೊಳ್ಳುವವರು ಯಾರು? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ದುಡ್ಡು ಬಿಚ್ಚಲಿ.

ಇನ್ನೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಹಳೆಯ ಕರಿ ಕಂಬಳಿ ಇದ್ದರೆ ಯಾವ ಊರಲ್ಲಿ ನೇಯ್ದದ್ದು, ಆ ಊರಲ್ಲಿ ಈಗ ಮಗ್ಗ ಇದೆಯೇ ಎಂದು ಅಜ್ಜಿ ತಾತಂದಿರನ್ನು ಕೇಳಿಕೊಂಡು ಬನ್ನಿ. ಒಂದು ಚೀಟಿಯಲ್ಲಿ ಬರೆದು ನನಗೆ ಕೊಡಿ. ಮುಂದಿನ ತಿಂಗಳು ಎಲ್ಲವನ್ನೂ ಸೇರಿಸಿ ಇದೇ ಗೋಡೆಯ ಮೇಲೆ ಹಾಕೋಣ. ಒಂದಾದರೂ ಮಗ್ಗ ಸಿಕ್ಕಿದರೆ ಅಜ್ಜಿಯ ಕಂಬಳಿಯ ಇಲಿ ಕಡಿದ ಮೂಲೆಯನ್ನು ಸರಿಮಾಡಿಸಬೇಕೆಂದು ನನಗೆ ಆಸೆ.

ಬರವಣಿಗೆಯಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ನಿಮ್ಮ ಸಹಪಾಠಿ,
9ನೇ ತರಗತಿ